ಬಿಗಿ ಸ್ಕೇಟಿನಿಂದಾಗುವ ಪಾದಬಾಧೆಯ ನಿವಾರಣೆ ಹಾಗೂ ಅಧೀಕ್ಷಕರನ್ನು ಕೂರಿಸುವ ಕ್ರಮದ ಕುರಿತು

ಹಿಮಕ್ರೀಡಾ ಪ್ರೋತ್ಸಾಹ ಘಟಕ
(ಹಿಮ ಬೀಳದ ತಾಲ್ಲೂಕುಗಳ ಶಾಖೆ)
ಚಾಮರಾಜನಗರ

ಸಂಖ್ಯೆ: ಹಿಪ್ರೋಘ/ಬಿಗಿ/ಪಾದ (ಎಡ ಮತ್ತು ಬಲ)/2025-26

ಸುತ್ತೋಲೆ

ವಿಷಯ: ಐಸ್ ಹಾಕಿ ಸ್ಕೇಟು ಬಿಗಿಯಾಗಿ ಕಾಲು ನೋಯುವುದನ್ನು ತಡೆಗಟ್ಟುವ, ತಡೆಗಟ್ಟಲಾಗದಿದ್ದಲ್ಲಿ ಶಮನಗೊಳಿಸುವ, ಶಮನವೂ ಆಗದಿದ್ದಲ್ಲಿ ಸ್ಕೇಟನ್ನೇ ಬಿಚ್ಚುವ ಬಗ್ಗೆ.

ಉಲ್ಲೇಖ:
1. ಆಟಗಾರ್ತಿಯರ ದೂರು (ಮೌಖಿಕ, ಬಹುಪಾಲು ಚೀತ್ಕಾರ).
2. ಅಧೀಕ್ಷಕರ ತಾಯಿಯವರು ಹರವೆಯಿಂದ ನೀಡಿದ ದೂರವಾಣಿ ಸಲಹೆ.
3. ನಿರ್ದೇಶಕರ ದೂರವಾಣಿ ಆದೇಶ (ನಿರ್ದೇಶಕರಿಗೆ ಇದರ ಅರಿವಿಲ್ಲ).

ಪ್ರಸ್ತಾವನೆ:

ಸುತ್ತೋಲೆಗಳಲ್ಲಿ ನಡೆದದ್ದನ್ನು ನಡೆದಂತೆ ಬರೆಯುವ ಪದ್ಧತಿ ಇಲ್ಲ. ಆದರೂ ಇದನ್ನು ವಿಶೇಷ ಪ್ರಕರಣವೆಂದು ಪರಿಗಣಿಸಿ, ಈ ಒಂದು ಸುತ್ತೋಲೆಯಲ್ಲಿ ಮಾತ್ರ ನಿಜ ಹೇಳಲು ಅನುಮತಿ ನೀಡಲಾಗಿದೆ. ಇದನ್ನು ಮುಂದಿನ ಸುತ್ತೋಲೆಗಳಿಗೆ ಪೂರ್ವನಿದರ್ಶನವಾಗಿ ಬಳಸತಕ್ಕದ್ದಲ್ಲ.

ಗುಂಡ್ಲುಪೇಟೆಯ ಕಾಲೇಜು ಹುಡುಗಿಯರ ತಂಡವೊಂದು ತೆರಕಣಾಂಬಿಯ ಸಿಮೆಂಟು ಕಣದಲ್ಲಿ, ರಾಗಿ ಒಕ್ಕುವವರು ಬಿಟ್ಟುಕೊಟ್ಟ ಹೊತ್ತಿನಲ್ಲಿ, ಗಾಲಿ ಸ್ಕೇಟಿನ ಮೇಲೆ ಹಾಕಿ ಆಡಿ ಪಳಗಿರುತ್ತದೆ. ಸದರಿ ತಂಡಕ್ಕೆ ಹೊರರಾಜ್ಯದ ಮಂಜುಗಡ್ಡೆಯ ಅಂಕಣದಲ್ಲಿ ನಡೆಯುವ ಆಯ್ಕೆ ಶಿಬಿರಕ್ಕೆ ಕರೆ ಬಂದಿದ್ದು, ಭಾನುವಾರ ರೈಲು ಹತ್ತಬೇಕಾಗಿರುತ್ತದೆ. ಮಂಜುಗಡ್ಡೆಯ ಮೇಲೆ ನಿಲ್ಲಲಾಗದವರನ್ನು ಮೊದಲ ದಿನವೇ ಊರಿಗೆ ಕಳಿಸುವುದು ಶಿಬಿರದ ನಿಯಮ. ಗಾಲಿಯ ಬದಲು ಅಲಗು ಇರುವ ಸ್ಕೇಟುಗಳನ್ನು ತರಿಸಿಕೊಡುವ ಹೊಣೆ ಈ ಘಟಕದ ಅಧೀಕ್ಷಕರಾದ ಶ್ರೀ ಕುಮಾರಸ್ವಾಮಿ ಅವರದು. (ಕೆಳಗೆ ಸಹಿ ಮಾಡಿರುವವರೂ ಅವರೇ. ಕಾಲು ನೋವಿನ ಕಾರಣ ಸಹಿ ಸ್ವಲ್ಪ ಓರೆಯಾಗಿದೆ.)

ಐಸ್ ಹಾಕಿ ಸ್ಕೇಟನ್ನು ದಿನನಿತ್ಯದ ಶೂಗಿಂತ ಒಂದು ಅಳತೆ ಚಿಕ್ಕದಾಗಿ ಕೊಳ್ಳಬೇಕು ಎಂದು ಪೂರೈಕೆದಾರರ ಕೈಪಿಡಿಯಲ್ಲಿತ್ತು. ಅಧೀಕ್ಷಕರು ಓದಿದರು, ಒಪ್ಪಿದರು, ಒಂದು ಅಳತೆ ಕಳೆದರು. ಆಮೇಲೆ ಅವರಿಗೆ ಹುಟ್ಟೂರಾದ ಹರವೆಯ ನೆನಪಾಯಿತು. ಅವರ ಮನೆಯಲ್ಲಿ ತೊಗಲಿನ ಎಕ್ಕಡವನ್ನು ಯಾವಾಗಲೂ ಬಿಗಿಯಾಗಿಯೇ ಹೊಲಿಸುತ್ತಾರೆ. ಹರಳೆಣ್ಣೆ ಕುಡಿಸಿ, ಮೆಟ್ಟಿ ಮೆಟ್ಟಿ ಸಡಿಲ ಮಾಡಿಕೊಳ್ಳುತ್ತಾರೆ. ಸ್ಕೇಟೂ ಮೆಟ್ಟುವ ವಸ್ತುವೇ ಆದ್ದರಿಂದ ಅಧೀಕ್ಷಕರು ಇನ್ನೊಂದು ಅಳತೆ ಕಳೆದರು. ಗಟ್ಟಿ ಪ್ಲಾಸ್ಟಿಕ್ಕಿನ ಚಿಪ್ಪಿಗೆ ಹರಳೆಣ್ಣೆಯ ಮಹಿಮೆ ತಿಳಿದಿರಲಿಲ್ಲ.

ಪೂರೈಕೆದಾರರು ಸ್ಕೇಟುಗಳನ್ನು ಎರಡೇ ದಿನದಲ್ಲಿ ಬದಲಿಸಿಕೊಡಲು ಸಿದ್ಧರಿದ್ದರು. ಅವರು ಕೇಳಿದ್ದು ಒಂದು ಸಾಲು, "ಅಳತೆಯ ತಪ್ಪು ನಮ್ಮದು", ಅದರ ಕೆಳಗೆ ಅಧೀಕ್ಷಕರ ಸಹಿ. ಅಧೀಕ್ಷಕರು ತಮ್ಮ ಸೇವೆಯಲ್ಲಿ "ಕಣ್ತಪ್ಪಿನಿಂದ" ಎಂದು ಬರೆದಿದ್ದಾರೆ, "ತಾಂತ್ರಿಕ ಕಾರಣಗಳಿಂದ" ಎಂದು ಬರೆದಿದ್ದಾರೆ, "ಸಿಬ್ಬಂದಿ ಕೊರತೆಯಿಂದ" ಎಂದಂತೂ ಪ್ರತಿವಾರ ಬರೆದಿದ್ದಾರೆ. "ತಪ್ಪು ನಮ್ಮದು" ಎಂದು ಬರೆದವರಲ್ಲ. ಆದ್ದರಿಂದ ತಪ್ಪು ಕಾಲುಗಳದು ಎಂದು ತೀರ್ಮಾನಿಸಿ, ಕಾಲುಗಳಿಗೆ ಅನ್ವಯವಾಗುವಂತೆ ಈ ಕೆಳಕಂಡ ಸೂಚನೆಗಳನ್ನು ಹೊರಡಿಸಲಾಗಿತ್ತು.

ಮೂಲ ಸೂಚನೆಗಳು:

1. ಸ್ಕೇಟು ಧರಿಸಿದ ಆಟಗಾರ್ತಿಯು ಕಾಲು ನೋಯುತ್ತಿದೆ ಎಂದು ದೂರುವ ಮುನ್ನ, ನೋಯುತ್ತಿರುವುದು ತನ್ನದೇ ಕಾಲು ಎಂಬುದನ್ನು ದೃಢಪಡಿಸಿಕೊಳ್ಳತಕ್ಕದ್ದು ಎಂದು ಈ ಮೂಲಕ ಸೂಚಿಸಲಾಗಿದೆ.

2. ಬೆರಳುಗಳನ್ನು ಸ್ಕೇಟಿನೊಳಗೆ ಜ್ಯೇಷ್ಠತೆಯ ಆಧಾರದ ಮೇಲೆ ಸೇರಿಸತಕ್ಕದ್ದು. ಸ್ಥಳಾವಕಾಶ ಸಾಲದಿದ್ದಲ್ಲಿ ಕಿರುಬೆರಳನ್ನು ನಿಯೋಜನೆಯ ಮೇರೆಗೆ ಪಕ್ಕದ ಬೆರಳಿನ ಮೇಲೆ ಕೂರಿಸತಕ್ಕದ್ದು. ನಿಯೋಜಿತ ಬೆರಳಿಗೆ ಪ್ರತ್ಯೇಕ ಭತ್ಯೆ ಇರುವುದಿಲ್ಲ.

ಸದರಿ ಸೂಚನೆಯ ಬಗ್ಗೆ ತಂಡದ ನಾಯಕಿ, ತೆರಕಣಾಂಬಿಯ ಕುಮಾರಿ ಬಿಂದುಶ್ರೀ ಅವರು ಕಚೇರಿಗೆ ಬಂದು ನೀಡಿದ ಹೇಳಿಕೆಯನ್ನು ಯಥಾವತ್ತಾಗಿ ದಾಖಲಿಸಲಾಗಿದೆ: "ಸಾ, ಕಿರುಬೆಟ್ಟು ಎಲ್ಲದೆ ಅಂತ್ಲೇ ಗೊತ್ತಾಯ್ತಿಲ್ಲ. ಕಾಲ್ನ ಈಚ್ಗೆ ತಗುದ್ರೆ ನೇರಳೆಹಣ್ಣಾಗದೆ. ಆ ಕಾಗ್ದಕ್ಕೆ ಒಂದ್ ಸೈನ್ ಆಕ್ಬುಡಿ ಸಾ, ನಿಮ್ ಗಂಟೇನ್ ಓದದು? ಭಾನ್ವಾರ ಓಗ್ಬೇಕು ನಾವು." ಸಹಿಯ ವಿಷಯವು ಬೆರಳುಗಳ ಕಂಡಿಕೆಯ ವ್ಯಾಪ್ತಿಗೆ ಬರುವುದಿಲ್ಲವೆಂದು ಅವರಿಗೆ ತಿಳಿಸಲಾಯಿತು.

3. ಅಧೀಕ್ಷಕರ ತಾಯಿ ಶ್ರೀಮತಿ ದೊಡ್ಡಮಲ್ಲಮ್ಮನವರಿಂದ ತಿಳಿದುಬಂದ ವಿಧಾನದಂತೆ, ಪ್ರತಿ ಸ್ಕೇಟಿನೊಳಗೆ ಹುರುಳಿಕಾಳಿನ ಬಟ್ಟೆಗಂಟನ್ನು ತುರುಕಿ ನೀರು ಹಾಕತಕ್ಕದ್ದು. ಕಾಳು ಉಬ್ಬಿದಂತೆ ಸ್ಕೇಟು ಹಿಗ್ಗತಕ್ಕದ್ದು.

ಕ್ರಮ ಕೈಗೊಂಡ ವರದಿ: ಸ್ಕೇಟು ಹಿಗ್ಗಲಿಲ್ಲ. ಹುರುಳಿ ಮೊಳಕೆ ಒಡೆಯಿತು. ಸದರಿ ಮೊಳಕೆಯನ್ನು ಕ್ರೀಡಾ ಸಾಮಗ್ರಿ ಎನ್ನಬೇಕೋ ಕೃಷಿ ಉತ್ಪನ್ನ ಎನ್ನಬೇಕೋ ಎಂದು ಸ್ಪಷ್ಟೀಕರಣ ಕೋರಲಾಗಿದೆ. ವಿಷಯ ತಿಳಿದ ಶ್ರೀಮತಿ ದೊಡ್ಡಮಲ್ಲಮ್ಮನವರ ಅಭಿಪ್ರಾಯ ಹೀಗಿದೆ: "ಅದ ಎಕ್ಕಡುಕ್ಕ ಏಳುದ್ದು ಕಣ್ಲಾ ಕುಮಾರ, ಡಬ್ಬಕ್ಕಲ್ಲ. ಕೂಸ್ಗೊಳ್ ಕಾಲ್ಗ ಸರ್ಯಾಗಿರದ ತಕ್ಕೊಡು ಅಂದ್ರ, ಕಾಳ್ ನೆನಾಕ್ಕಂಡ್ ಕೂತಿದ್ದಯಲ್ಲ! ಇದ್ಕಾ ನಿನ್ನ ಓದ್ಸುದ್ದು?" ಕೊನೆಯ ಪ್ರಶ್ನೆಯನ್ನು ಶಿಕ್ಷಣ ಇಲಾಖೆಗೆ ವರ್ಗಾಯಿಸಲಾಗಿದೆ.

4. ಬಿಸಿ ತಾಗಿದರೆ ಸ್ಕೇಟಿನ ಒಳಪದರ ಮೆತ್ತಗಾಗಿ ಕಾಲಿನ ಆಕಾರಕ್ಕೆ ಬರುವುದೆಂದು ಕೈಪಿಡಿಯಲ್ಲಿರುವುದರಿಂದ, ಒಂದು ಜೊತೆಯನ್ನು ಗುಂಡ್ಲುಪೇಟೆಯ ಬೇಕರಿಯೊಂದರ ಒಲೆಯಲ್ಲಿ, ಬನ್ನಿನ ತಟ್ಟೆಯ ಪಕ್ಕದಲ್ಲಿ ಇಡತಕ್ಕದ್ದು. ಸದರಿ ದಿನದ ಬನ್ನುಗಳನ್ನು ಸಿಬ್ಬಂದಿಗೆ ಉಚಿತವಾಗಿ ಹಂಚಲಾಗಿದ್ದು, ಎರಡನೆಯದನ್ನು ಯಾರೂ ಕೇಳಿರುವುದಿಲ್ಲ.

5. ನೋವು ಕಡಿಮೆಯಾಗಲು ಎರಡೆರಡು ಉಣ್ಣೆಯ ಕಾಲುಚೀಲ ಹಾಕಿಕೊಳ್ಳತಕ್ಕದ್ದು. (ಇದು ತುಂಬಿದ ತೆರಕಣಾಂಬಿ ಬಸ್ಸಿಗೆ ಹಾಸಿಗೆಯನ್ನೂ ಹತ್ತಿಸಿದಂತೆ ಎಂದು ತಂಡದವರು ಅಭಿಪ್ರಾಯಪಟ್ಟಿದ್ದು, ಅಭಿಪ್ರಾಯವನ್ನು ತಿರಸ್ಕರಿಸಲಾಗಿತ್ತು.)

ಪರಿಷ್ಕೃತ ಸೂಚನೆಗಳು:

6. ಮೇಲ್ಕಂಡ 1ರಿಂದ 5ರವರೆಗಿನ ಸೂಚನೆಗಳನ್ನು ಕ್ಷಮೆಯೊಂದಿಗೆ ರದ್ದುಪಡಿಸಿ, ಅವುಗಳ ಬದಲಿಗೆ ಈ ಮೂಲಕ ಆದೇಶಿಸಲಾಗಿದೆ:

(ಅ) ಪಾದದ ಅಳತೆಯನ್ನು ಸಂಜೆ, ಕಾಲು ತುಸು ಊದಿರುವ ಹೊತ್ತಿನಲ್ಲಿ, ನಿಲ್ಲಿಸಿ ತೆಗೆಯತಕ್ಕದ್ದು. ಕಳೆಯಬೇಕಾದದ್ದನ್ನು ಒಂದೇ ಸಲ ಕಳೆಯತಕ್ಕದ್ದು.

(ಆ) ನೇರ ನಿಂತಾಗ ಬೆರಳ ತುದಿ ಮುಂಭಾಗವನ್ನು ಸವರಬೇಕು. ಮಂಡಿ ಬಗ್ಗಿಸಿದಾಗ ಹಿಮ್ಮಡಿ ಹಿಂದಕ್ಕೆ ಸರಿದು ಬೆರಳಿಗೆ ಉಸಿರು ಬರಬೇಕು. ಉಸಿರು ಬಾರದಿದ್ದಲ್ಲಿ ಸ್ಕೇಟು ಚಿಕ್ಕದು. ಕಾಲು ದೊಡ್ಡದಲ್ಲ.

(ಇ) ತೆಳುವಾದ ಒಂದೇ ಕಾಲುಚೀಲ. ಲೇಸು ಬೆರಳ ಕಡೆ ಸಡಿಲ, ಹಿಮ್ಮಡಿ ಅಲುಗದಷ್ಟು ಮಾತ್ರ ಬಿಗಿ. ಬಿಸಿ ಕೊಡಿಸುವುದಿದ್ದರೆ ಸ್ಕೇಟಿನ ಅಂಗಡಿಯಲ್ಲೇ ಕೊಡಿಸತಕ್ಕದ್ದು.

(ಈ) ನೋವಿದ್ದಲ್ಲಿ ಸ್ಕೇಟು ಬಿಚ್ಚಿ, ಅಂಗಾಲಿನಡಿ ಚೆಂಡೊಂದನ್ನು ಉರುಳಿಸಿ, ಉಗುರುಬೆಚ್ಚಗಿನ ಉಪ್ಪುನೀರಿನಲ್ಲಿ ಕಾಲಿಡತಕ್ಕದ್ದು. ಜೋಮು ಬಿಡದಿದ್ದರೆ ಡಾಕ್ಟರ ಬಳಿ ಹೋಗತಕ್ಕದ್ದು. ಈ ಕಚೇರಿಗೆ ಬರತಕ್ಕದ್ದಲ್ಲ.

(ಉ) ಸ್ಕೇಟು ಧರಿಸಿರುವಾಗ ಮೇಲಧಿಕಾರಿಗಳ ಕರೆ ಬಂದಲ್ಲಿ ಕುಳಿತೇ ಮಾತನಾಡತಕ್ಕದ್ದು.

ಪರಿಷ್ಕರಣೆಗೆ ಕಾರಣ:

7. ಅಧೀಕ್ಷಕರಿಗೆ ಒಂದು ಪದ್ಧತಿ ಇದೆ. ನಿರ್ದೇಶಕರ ಕರೆ ಬಂದರೆ ಎದ್ದು ನಿಲ್ಲುತ್ತಾರೆ; ಕರೆ ಮುಗಿಯುವ ತನಕ ಕೂರುವುದಿಲ್ಲ. ನಿರ್ದೇಶಕರು ಇರುವುದು ಬೆಂಗಳೂರಿನಲ್ಲಿ, ಅವರಿಗೆ ಇದು ಕಾಣುವುದಿಲ್ಲ ಎಂಬ ವಾದವನ್ನು ಅವರು ಎಂದೂ ಮಾನ್ಯ ಮಾಡಿಲ್ಲ. ಇನ್ನೊಂದೆಡೆ, ಈ ಘಟಕದ ದ್ವಿತೀಯ ದರ್ಜೆ ಸಹಾಯಕ ಶ್ರೀ ದಿಲೀಪ್ ಅವರಿಗೆ ಯಾವ ಮೇಲಧಿಕಾರಿಯ ದನಿಯನ್ನಾದರೂ ಕೆಮ್ಮಿನ ಸಮೇತ ಅನುಕರಿಸುವ ವಿದ್ಯೆ ಇದೆ. ಇವೆರಡೂ ಸಂಗತಿಗಳು ಇಡೀ ಕಚೇರಿಗೆ ತಿಳಿದಿದ್ದವು. ಅಧೀಕ್ಷಕರಿಗೆ ಮೊದಲನೆಯದು ಮಾತ್ರ ತಿಳಿದಿತ್ತು.

8. ಗುರುವಾರ ಮಧ್ಯಾಹ್ನ, ನಾಯಕಿ ಬಿಂದುಶ್ರೀ ಸಹಿಗಾಗಿ ಮತ್ತೊಮ್ಮೆ ಬಂದು ನಿಂತಿದ್ದಾಗ, ಮೇಜಿನ ಮೇಲಿನ ಫೋನು ರಿಂಗಾಯಿತು. "ಏನ್ರೀ ಕುಮಾರಸ್ವಾಮಿ, ಹ್ಹುಂ ಹ್ಹುಂ, ಆ ಸ್ಕೇಟು ಆರಾಮಾಗಿದೆ ಅಂತ ಪ್ರಮಾಣಪತ್ರ ಬೇಕಲ್ರೀ. ನೀವೇ ಒಂದು ಜೊತೆ ಹಾಕ್ಕೊಂಡು ನೋಡಿ. ನಾನು ಲೈನಲ್ಲೇ ಇರ್ತೀನಿ." ಅಧೀಕ್ಷಕರು ಆಗಲೇ ಎದ್ದು ನಿಂತಿದ್ದರು. ಅವರ ಪಾದವೂ ನಾಯಕಿಯ ಪಾದವೂ ಒಂದೇ ಅಳತೆ ಎಂಬುದು, ಬಾಗಿಲಲ್ಲಿ ಬಿಟ್ಟ ಚಪ್ಪಲಿ ಅದಲುಬದಲಾದಂದೇ ಬಯಲಾಗಿತ್ತು. ನಾಯಕಿಯು ತಮ್ಮ ಸ್ಕೇಟನ್ನು ತಕ್ಷಣ ಒದಗಿಸಿ, ನಿಂತವರ ಕಾಲಿಗೇ ತೊಡಿಸಿ, "ಇನ್ನೊಸಿ ಎಳೀಲಾ ಸಾ?" ಎಂದು ಕೇಳುತ್ತ, ಉತ್ತರಕ್ಕೆ ಕಾಯದೆ ಲೇಸು ಎಳೆದುಕೊಟ್ಟರು. ಅವರ ಸಹಕಾರವನ್ನು ಶ್ಲಾಘಿಸಲಾಗಿದೆ.

9. ತರುವಾಯ ನಿರ್ದೇಶಕರ ದನಿಯು ಗುಂಡ್ಲುಪೇಟೆಯ ಹವಾಮಾನ, ಚೆಂಡುಹೂವಿನ ಬೆಳೆ, ಇಲಾಖೆಯ ಹಳೆಯ ಜೀಪು ಇತ್ಯಾದಿಗಳ ಬಗ್ಗೆ ವಿವರವಾಗಿ ವಿಚಾರಿಸಿತು. ಅಧೀಕ್ಷಕರು ಬೀರು ಹಿಡಿದುಕೊಂಡು ನಿಂತೇ ಉತ್ತರಿಸಿದರು. ಹವಾಮಾನದ ಹೊತ್ತಿಗೆ ಕಿರುಬೆರಳು ಹೋಯಿತು. ಚೆಂಡುಹೂವಿನ ಹೊತ್ತಿಗೆ ಪಾದದ ಮೇಲ್ಭಾಗ. ಜೀಪಿನ ಹೊತ್ತಿಗೆ, ತಮಗೆ ಕಾಲುಗಳಿದ್ದವು ಎಂಬುದೇ ಬರೀ ಹಳೆಯ ನೆನಪಾಗಿ ಉಳಿದಿತ್ತು.

"ಆರಾಮಾಗಿದ್ಯೇನ್ರೀ?"

"ಬಹಳ ಆರಾಮಾಗಿದೆ ಸಾರ್" ಎಂದರು ಅಧೀಕ್ಷಕರು. ಕಣ್ಣಲ್ಲಿ ನೀರಿತ್ತು.

"ಹಂಗಾದ್ರೆ ಪೂರೈಕೆದಾರರ ಕಾಗದಕ್ಕೆ ಸಹಿ ಬೇಡ ಅನ್ನಿ. ಸರಿ, ಆ ಜೀಪಿನ ವಿಷಯ ಇನ್ನೂ ಸ್ವಲ್ಪ ಹೇಳಿ..."

ಅಧೀಕ್ಷಕರು ಬಿಂದುಶ್ರೀಯ ಕಾಲಿನ ಕಡೆ ನೋಡಿದರು. ಬರಿಗಾಲಿನ ಆ ಬೆರಳುಗಳ ಮೇಲಿನ ನೀಲಿ ಗುರುತು, ಹೇಳಿಕೆಯಲ್ಲಿ ದಾಖಲಾಗಿದ್ದರೂ ಇದುವರೆಗೆ ಕಣ್ಣಿಗೆ ಬೀಳದಿದ್ದದ್ದು, ಅವರ ಗಮನಕ್ಕೆ ಬಂದಿತು. ಬೀರು ಬಿಟ್ಟು ಬಗ್ಗಿ, ಮೇಜಿನ ಮೇಲಿದ್ದ ಕಾಗದವನ್ನು ಎಳೆದುಕೊಂಡು, ಬರೆದು, ಸಹಿ ಮಾಡಿದರು. ಆಮೇಲೆ ಫೋನಿನಲ್ಲಿ, ಕಚೇರಿಯ ಕನ್ನಡವನ್ನು ಪೂರ್ತಿ ಮರೆತು, "ತಪ್ಪು ನಂದೇಯ ಸಾ. ಒಂದ್ಸಲ ಕಳ್ದು, ಇನ್ನೊಂದ್ಸಲಾನೂ ಕಳ್ದುಬುಟ್ಟಿ. ಕೂಸ್ಗೊಳ್ ಕಾಲ್ಗ ಎಂತಾ ಪಾಡ್ ಮಾಡ್ಬುಟ್ಟಿ ಸಾ!" ಎಂದರು.

10. ಆಗ ಪಕ್ಕದ ಕೋಣೆಯ ಬಾಗಿಲು ತೆರೆಯಿತು. ಕಿವಿಗೆ ಮೊಬೈಲು ಒತ್ತಿಕೊಂಡಿದ್ದ ಶ್ರೀ ದಿಲೀಪ್ ಹೊರಬಂದು "ಕೂತ್ಕೊಳ್ರೀ ಕುಮಾರಸ್ವಾಮಿ" ಎಂದರು. ನಿರ್ದೇಶಕರ ದನಿ ಫೋನಿನಿಂದಲೂ ಬಾಗಿಲಿನಿಂದಲೂ ಏಕಕಾಲಕ್ಕೆ ಕೇಳಿಬಂದಿತು. ಆದೇಶ ಆದೇಶವೇ ಆದ್ದರಿಂದ ಅಧೀಕ್ಷಕರು ಮೊದಲು ಕುಳಿತರು. ಶ್ರೀ ದಿಲೀಪ್ ಅವರ ದನಿ ತನ್ನ ಸ್ವಂತ ಗಾತ್ರಕ್ಕೆ ಇಳಿದು, "ತಪ್ಪಾಯ್ತು ಸಾ, ಬೇರೆ ದಾರಿ ಕಾಣ್ನಿಲ್ಲ" ಎಂದಿತು. ಅಮಾನತಿನ ಆದೇಶವನ್ನು ಎಲ್ಲರೂ ನಿರೀಕ್ಷಿಸಿದರು.

11. ಅಧೀಕ್ಷಕರು ಎದುರಿಗೆ ನಿಂತಿದ್ದ ದಿಲೀಪ್ ಅವರನ್ನು ನೋಡಿದರು. ಕೈಯಲ್ಲಿದ್ದ ರಿಸೀವರನ್ನು ನೋಡಿದರು. ಆಮೇಲೆ ಅದನ್ನು ಬಾಯಿಯ ಹತ್ತಿರ ತಂದು, ಅಭ್ಯಾಸಬಲದಿಂದ, ಬಹಳ ವಿನಯವಾಗಿ ಕೇಳಿದರು: "ಫೋನ್ ಇಡ್ಲಾ ಸಾರ್?"

ತಾವು ಕೇಳಿದ್ದು ತಮ್ಮ ಕಿವಿಗೇ ಬಿದ್ದ ಮೇಲೆ ಅವರ ಹೊಟ್ಟೆಯೊಳಗಿನಿಂದ ಬಿಕ್ಕಳಿಕೆಯಂಥ ಸದ್ದೊಂದು ಹೊರಟಿತು. ಬಿಂದುಶ್ರೀ ಲೇಸು ಬಿಚ್ಚುತ್ತಿದ್ದಂತೆ ಅದು ಬೆಳೆಯಿತು. ಸಿಬ್ಬಂದಿ, ನಾಯಕಿ, ಅಂಚೆ ಕೊಡಲು ಬಂದಿದ್ದವರು ಎಲ್ಲರೂ ನಕ್ಕರು. ಆದರೆ ರಸ್ತೆಯಾಚೆಯ ಟೀ ಅಂಗಡಿಯವರೆಗೂ ಕೇಳಿದ್ದು ಅಧೀಕ್ಷಕರ ನಗು ಮಾತ್ರವೇ ಎಂದು ಸ್ಥಳ ಪರಿಶೀಲನೆಯ ನಂತರ ದೃಢೀಕರಿಸಲಾಗಿದೆ.

(ಸಹಿ, ಓರೆಯಾಗಿ)
ಕುಮಾರಸ್ವಾಮಿ
ಅಧೀಕ್ಷಕರು
(ಬರಿಗಾಲಿನಲ್ಲಿ)

ಪ್ರತಿಗಳು:
1. ನಿರ್ದೇಶಕರು, ಬೆಂಗಳೂರು (ನಿಜವಾದವರು): ಕಳಿಸಿರುವುದಿಲ್ಲ.
2. ಶ್ರೀ ದಿಲೀಪ್, ದ್ವಿತೀಯ ದರ್ಜೆ ಸಹಾಯಕರು: ಸ್ವೀಕೃತಿಯನ್ನು ಸ್ವಂತ ದನಿಯಲ್ಲಿ ನೀಡತಕ್ಕದ್ದು.
3. ಶ್ರೀಮತಿ ದೊಡ್ಡಮಲ್ಲಮ್ಮ, ಹರವೆ: ಮಾಹಿತಿಗಾಗಿ, ಕರೆ ಮಾಡಿ ಬಯ್ಯುವ ಅವಶ್ಯಕತೆ ಇರುವುದಿಲ್ಲ.
4. ಪೂರೈಕೆದಾರರು: ಶನಿವಾರ ತಲುಪಿದ ಬದಲಿ ಸ್ಕೇಟುಗಳಿಗಾಗಿ ವಂದನೆಗಳೊಂದಿಗೆ.
5. ಕುಮಾರಿ ಬಿಂದುಶ್ರೀ ಮತ್ತು ತಂಡ, ಭಾನುವಾರದ ರೈಲು: ದಾರಿಯಲ್ಲಿ ಓದಿಕೊಂಡು ನಗಲು ಅನುಮತಿಸಲಾಗಿದೆ.
6. ಕಚೇರಿ ಪ್ರತಿ.