ತುದಿ ಮುಟ್ಟಿದ ಮೇಲೆಯೇ ಚೂಡಾ

ಹಸಿವೆ ಇಲ್ಲದಿದ್ದರೆ ನಾನು ಪದವೀಧರನಾಗುತ್ತಿರಲಿಲ್ಲ. ಇದನ್ನು ಬಡತನದ ಕಥೆ ಎಂದುಕೊಂಡು ಯಾರೂ ಮರುಗಬೇಕಾಗಿಲ್ಲ. ಹುಬ್ಬಳ್ಳಿಯ ನಮ್ಮ ಮನೆಯಲ್ಲಿ ಅವಲಕ್ಕಿ ಚೂಡಾದ ಡಬ್ಬಿ ತುಂಬಿಯೇ ಇರುತ್ತಿತ್ತು. ಲೆಕ್ಕ ಮುಗಿಯುವವರೆಗೆ ಅವ್ವ ಮುಚ್ಚಳ ತೆಗೆಯುತ್ತಿರಲಿಲ್ಲ, ಅಷ್ಟೆ. ಓದು ಬಾರದ ಅವಳಿಗೆ ಲೆಕ್ಕ ಸರಿಯೋ ತಪ್ಪೋ ತಿಳಿಯುತ್ತಿರಲಿಲ್ಲ. ನನ್ನ ಮುಖ ನೋಡಿ ಮುಗಿದಿದೆಯೋ ಇಲ್ಲವೋ ಹೇಳುತ್ತಿದ್ದಳು. ಹೀಗೆ ಡಬ್ಬಿಯ ಬೆನ್ನು ಹತ್ತಿ ನಮ್ಮ ಮನೆತನದ ಮೊದಲ ಬಿ.ಇ. ಆದೆ, ಆಮೇಲೆ ಬರ್ಕ್ಲಿಯಲ್ಲಿ ಎಂ.ಎಸ್. ಕೂಡ ಆಯಿತು. ಈ ಸಂಗತಿಯನ್ನು ಯಾರೂ ಕೇಳದಿದ್ದರೂ ಹೇಳುತ್ತೇನೆ. ಈ ಪರದೇಶದ ಕನ್ನಡಿಗರು ಮನೆಗೊಂದು ಅಡುಗೆ ತಂದು ಉಣ್ಣುವ ಪಾಟ್‌ಲಕ್ಕುಗಳಲ್ಲಿ ನನ್ನನ್ನು ಕಂಡೊಡನೆ ಜನ ಮೊಸರನ್ನದ ಕಡೆ ಸರಿಯುವುದು ಬಹುಶಃ ಇದಕ್ಕೇ.

ಅವ್ವ ಇಲ್ಲಿ ಕ್ಯಾಂಪ್‌ಬೆಲ್ ಊರಿನ ನಮ್ಮ ಅಪಾರ್ಟ್‌ಮೆಂಟಿಗೆ ಬಂದಾಗ, ಹಿಮದೂರಿಗೆ ಹೊರಟಿದ್ದೇನೆಂದು ಓಣಿಗೆಲ್ಲ ಸಾರಿ ಬಂದಿದ್ದಳು. ಸಿಕ್ಕಿದ್ದು ಮಾತ್ರ ಧಾರವಾಡದಂಥ ಹವೆ. ಅವಳು ಊರಿಗೆ ಮರಳುವ ವಾರ, ಒಂದು ಶನಿವಾರ ಬೆಳಿಗ್ಗೆ, ಪೂರ್ವದ ಬೆಟ್ಟಗಳ ನೆತ್ತಿ ಬೆಳ್ಳಗಾಗಿತ್ತು. ವರ್ಷದ ಮೊದಲ ಹಿಮ, ಮಧ್ಯಾಹ್ನದೊಳಗೆ ಕರಗಿಹೋಗುವಂಥದು. ಅದರಲ್ಲಿ ನಿಂತು ಒಂದು ಫೋಟೋ ತೆಗೆಸಿಕೊಳ್ಳದೆ ಓಣಿಯವರಿಗೆ ಹೇಗೆ ಮುಖ ತೋರಿಸಲಿ ಎಂದು ಅವ್ವ ಕಿಟಕಿ ಬಿಟ್ಟು ಕದಲಲಿಲ್ಲ.

ಹೊರಟೆವು. ಅವ್ವನಿಗೆ ಸೀರೆಯ ಮೇಲೆ ನನ್ನ ಹೆಂಡತಿ ಶಶಿಯ ಜಾಕೆಟ್ಟು, ಕಾಲಿಗೆ ಅವಳದೇ ಸ್ನೀಕರ್ಸು. ನನಗೆ ಸೇಲಿನಲ್ಲಿ ಕೊಂಡ, ಮೊಣಕಾಲು ಮುಚ್ಚುವ ಕರಿಯ ಉಣ್ಣೆಯ ಕೋಟು. ಬೆಟ್ಟದ ಬುಡದಲ್ಲಿ ಕಾರು ನಿಲ್ಲಿಸಿ ಸಣ್ಣ ಭಾಷಣ ಮಾಡಿದೆ: ಅರ್ಧ ದಾರಿಯಲ್ಲಿ ಯಾರಾದರೂ ಕೂತರೆ ಹಿಮ ಕಾಯುವುದಿಲ್ಲ, ಆದ್ದರಿಂದ ತುದಿ ಮುಟ್ಟಿದ ಮೇಲೆಯೇ ಚಹಾ, ಚೂಡಾ. 'ಯಾರಾದರೂ' ಎಂದದ್ದು ವಯಸ್ಸಾದ ಅವ್ವನನ್ನು ಕುರಿತು. ಅವಳು ತಲೆಯಾಡಿಸಿ ತಿಂಡಿಯ ಚೀಲವನ್ನು ತನ್ನ ಹೆಗಲಿಗೆ ಹಾಕಿಕೊಂಡಳು. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಮೊದಲು ಬರೀ ಕೆಸರು. ಆಮೇಲೆ ಹುಲ್ಲಿಗೆ ಸುಣ್ಣ ಚಿಮುಕಿಸಿದಂತೆ ತೆಳ್ಳನೆಯ ಹಿಮ. ಕಾಲಿಟ್ಟಲ್ಲೆಲ್ಲ ಜಾರುತ್ತಿತ್ತು. ಬೆಟ್ಟ ಸಣ್ಣದೇ, ಆದರೆ ದಿನವಿಡೀ ಆಫೀಸಿನ ಕುರ್ಚಿಯಲ್ಲಿ ಕೂರುವವನಿಗೆ ಮನೆಯ ಮೆಟ್ಟಿಲೂ ಒಂದು ಬೆಟ್ಟವೇ. ಕೊನೆಗೆ ಒಂದು ಬಂಡೆಯ ಮೇಲೆ ಕುಸಿದು ಕೂತೆ.

"ಸಾಕ ಬಿಡವಾ, ಹಿಮಾ ಕಂಡಿಯಲ್ಲ. ಇಲ್ಲೇ ಚಾ ಕುಡಿಯೂಣು" ಎಂದೆ.

"ರೂಲ್ಸು ನಿಮ್ಮದೇ ಅಲ್ವೇನ್ರೀ?" ಎಂದಳು ಶಶಿ, ಕ್ಯಾಮೆರಾ ಸರಿಪಡಿಸಿಕೊಳ್ಳುತ್ತ.

ಇಳಿಜಾರು, ಘರ್ಷಣೆ, ಅಪಾಯ ಎಂದು ನಾನು ಕಲಿತ ಇಂಜಿನಿಯರಿಂಗನ್ನೆಲ್ಲ ಅವರ ಮುಂದೆ ಹರಡಿದೆ. ಅವ್ವ ಕೇಳಿಸಿಕೊಳ್ಳಲಿಲ್ಲ. ಸೆರಗು ಬಿಗಿದು, ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು.

"ಇನ್ನೂ ಮುಗದಿಲ್ಲ" ಎಂದು ಚೀಲದೊಂದಿಗೆ ಮೇಲಕ್ಕೆ ನಡೆದಳು. ಶಶಿಯೂ ಹಿಂಬಾಲಿಸಿದಳು.

ಚೀಲದೊಳಗೆ ಡಬ್ಬಿ ಲೊಟಲೊಟ ಎನ್ನುವುದು ಕೇಳಿಸುತ್ತಲೇ ಇತ್ತು. ಆ ಸದ್ದಿಗೆ ಬಿ.ಇ. ಮುಗಿಸಿದವನು ನಾನು. ಎದ್ದೆ, ಜಾರಿದೆ, ಆಮೇಲೆ ನಿಲ್ಲುವ ಆಸೆಯನ್ನೇ ಬಿಟ್ಟು ಕೈಕಾಲು ಊರಿಕೊಂಡು ಹತ್ತಿದೆ. ತುದಿಯಲ್ಲಿ ಹಿಮ ಇನ್ನೂ ದಪ್ಪಗಿತ್ತು. ಅದರ ನಡುವೆ ಅವ್ವ ನೆಟ್ಟಗೆ ನಿಂತಿದ್ದಳು, ಶಶಿ ಫೋಟೋ ತೆಗೆಯುತ್ತಿದ್ದಳು. ನನ್ನ ಮುಖ ನೋಡಿ ಅವ್ವ ಡಬ್ಬಿಯ ಮುಚ್ಚಳ ತೆಗೆದಳು. ಅಂಥ ಚೂಡಾವನ್ನು ನಾನು ಆಮೇಲೆ ಇವತ್ತಿನವರೆಗೂ ತಿಂದಿಲ್ಲ.

ರೋಲು ತೊಳೆಸಿ ತಂದಾಗ ಒಂದೇ ಫೋಟೋ ಚೆನ್ನಾಗಿ ಬಂದಿತ್ತು. ಮುಂದೆ ನಗುತ್ತಿರುವ ಅವ್ವ. ಹಿಂದೆ, ಹಿಮದಲ್ಲಿ ನಾಲ್ಕು ಕಾಲಿನ ಮೇಲೆ ಬರುತ್ತಿರುವ ಒಂದು ಕರಿಯ ಆಕೃತಿ. ಅವ್ವ ಅದನ್ನೇ ಊರಿಗೆ ಒಯ್ದಳು. ಹಿಂದಿರುವುದು ಏನೆಂದು ಓಣಿಯವರು ಕೇಳಿದರಂತೆ. ಕಷ್ಟಪಟ್ಟು ಓದಿಸಿದ ಮಗನ ಮಾನ ಕಾಯಲು ಅವ್ವ ಕರಡಿ ಎಂದಳಂತೆ. ಕರಡಿಗೂ ಹೆದರದೆ ನಿಂತವಳೆಂದು ಈಗ ಓಣಿಯಲ್ಲಿ ಅವಳಿಗೆ ಭಾರೀ ಮರ್ಯಾದೆ. ನನ್ನ ಎಂ.ಎಸ್. ವಿಷಯ ಅಲ್ಲಿ ಯಾರೂ ಎತ್ತುವುದಿಲ್ಲ. ಕರಡಿಯ ಬಗ್ಗೆ ಮಾತ್ರ ಎಲ್ಲರೂ ಕೇಳುತ್ತಾರೆ.