ಕದ್ದರೇ ಮೊಳೆಯುವ ಬದನೆ

ಬೀಜ ಉಳಿಸಿಕೊಂಡು ಬರುವವರ ಮನೆಯಲ್ಲಿ ಮಾನ ಉಳಿಸಿಕೊಳ್ಳೋದು ಸ್ವಲ್ಪ ಕಷ್ಟ. ಎಂಬತ್ತರ ದಶಕದಲ್ಲಿ ನಾನು ತಮಿಳು ಸೀಮೆಯ ಕುರಿಚಿಯ ಒಂದು ಎರಕದ ಫೌಂಡ್ರಿಯಲ್ಲಿ ಕೆಲಸ ಮಾಡುತ್ತ, ಮದುಕ್ಕರೈ ದಾರಿಯ ಮನೆಯೊಂದರಲ್ಲಿ ಅವ್ವ, ಹೆಂಡತಿ ಮತ್ತು ಹಿತ್ತಲಿನ ಜೊತೆ ಸಂಸಾರ ಮಾಡಿಕೊಂಡಿದ್ದೆ. ಹಿತ್ತಲು ಅವ್ವನದು. ಅಲ್ಲಿ ಅವಳ ತವರಿನ ಮುಳ್ಳು ಬದನೆ ಬೆಳೆಯುತ್ತಿತ್ತು. ಹಸಿರು ಮೈ, ಬಿಳಿ ಗೆರೆ, ತೊಟ್ಟಿನ ತುಂಬ ಮುಳ್ಳು. ಬೇರೆ ಬದನೆಯನ್ನು ಅವಳು ತರಕಾರಿ ಅಂತಲೇ ಒಪ್ಪುತ್ತಿರಲಿಲ್ಲ.

ಬೀಜದ ವಿಷಯದಲ್ಲಿ ಅವಳದು ಒಂದೇ ಶಾಸ್ತ್ರ: "ಕೇಳಿ ತಂದ ಬೀಜ ಮೊಳೆಯಲ್ಲ, ಕದ್ದು ತಂದ ಬೀಜ ತಪ್ಪಲ್ಲ." ಈ ಬದನೆಯನ್ನೂ ಅವಳು ಗಂಡನ ಮನೆಗೆ ಹೊರಟ ದಿನ ತನ್ನ ತಾಯಿಯ ಹಿತ್ತಲಿಂದಲೇ ಕದ್ದು ಸೆರಗಿಗೆ ಕಟ್ಟಿಕೊಂಡು ಬಂದದ್ದಂತೆ. ಎಲ್ಲರೂ ಅಳುವುದರಲ್ಲಿದ್ದರು, ಯಾರೂ ನೋಡಲಿಲ್ಲ ಅಂತ ಕೊನೆಯವರೆಗೂ ಹೆಮ್ಮೆಪಡುತ್ತಿದ್ದಳು.

ಜೇಬಿನೊಳಗಿನ ಬದನೆ

ಬೀಜಕ್ಕೆ ಬಿಟ್ಟ ಕಾಯನ್ನು ಯಾರೂ ಕೀಳದಿರಲಿ ಅಂತ ಅವ್ವ ಅದಕ್ಕೆ ಬಟ್ಟೆ ಕಟ್ಟುತ್ತಿದ್ದಳು. ಒಂದು ವರ್ಷ ಅದಕ್ಕೆ ಅಂತ ಎತ್ತಿಟ್ಟಿದ್ದ ನನ್ನ ಹಳೇ ಹಸಿರಂಚಿನ ಪಂಚೆ ಒಣಗಲು ಹಾಕಿದ ಹಗ್ಗದ ಮೇಲಿಂದಲೇ ಮಾಯವಾಯಿತು. ಪಾಲಕ್ಕಾಡ್ ಕಡೆಯ ಗಾಳಿ ಹೊಡೆದುಕೊಂಡು ಹೋಗಿರಬೇಕು ಅಂದುಕೊಂಡೆವು. ಫೌಂಡ್ರಿಯಲ್ಲಿ ಮೆಷಿನ್ ಒರೆಸಲು ಹಾಕಿದ್ದ ಹಳೇ ಬಟ್ಟೆಗಳಲ್ಲಿ ಒಂದು ಖಾಕಿ ಷರ್ಟು ತಂದುಕೊಟ್ಟೆ. ಅವ್ವ ಅದರ ಜೇಬನ್ನೇ ಕಿತ್ತು, ಬದನೆಗೆ ಚೀಲದ ಹಾಗೆ ತೊಡಿಸಿದಳು.

ಆ ವಾರ ನನಗೆ ಜ್ವರ. ರಜೆ ಹಾಕಿದೆ. ನಮ್ಮ ಸೂಪರ್‌ವೈಸರಿಗೆ ಯಾರ ಜ್ವರದ ಮೇಲೂ ನಂಬಿಕೆ ಇಲ್ಲ, ಪರೀಕ್ಷೆ ಮಾಡಲು ನೇರ ಹಿತ್ತಲಿಗೇ ಬಂದರು. ಅಲ್ಲಿ ಅವ್ವ ಗಿಡದ ಮುಂದೆ ಕೂತು, "ಬೇಗ ಬಾಡು, ಸುಕ್ಕಾಗು, ಕೊಳೆತರೂ ಪರವಾಗಿಲ್ಲ" ಅಂತ ಕಾಯಿಗೆ ಬುದ್ಧಿ ಹೇಳುತ್ತಿದ್ದಳು. ಕಾಯಿ ತೊಟ್ಟಿದ್ದ ಜೇಬಿನ ಮೇಲೆ ದೊಡ್ಡ ಮಸಿ ಕಲೆ. ಆ ಕಲೆ ತನ್ನದೇ ಪೆನ್ನಿನದು ಅಂತ ಸೂಪರ್‌ವೈಸರಿಗೆ ಚೆನ್ನಾಗಿ ಗೊತ್ತಿತ್ತು.

ಅವರು ಹಿಂದೆ ಹಿಂದೆಯೇ ನಡೆದು ಹೊರಟುಹೋದರು. ಮತ್ತೆ ನಾನು ರಜೆ ಕೇಳುವ ಮೊದಲೇ, "ಲೀವ್ ಎಡುತ್ತುಕ್ಕೋಂಗ, ಅಮ್ಮಾವೈ ನಲ್ಲಾ ಪಾತ್ತುಕ್ಕೋಂಗ" ಅನ್ನುತ್ತಿದ್ದರು. ರಜೆ ತಗೊಳ್ಳಿ, ಅಮ್ಮನನ್ನ ಚೆನ್ನಾಗಿ ನೋಡ್ಕೊಳ್ಳಿ ಅಂತ.

ಕೊಡೆಯಲ್ಲಿ ಅವರೆ

ವಾಲ್ಪಾರೈ ಎಸ್ಟೇಟಿನಲ್ಲಿ ಗುಮಾಸ್ತನಾಗಿದ್ದ ನನ್ನ ಚಿಕ್ಕಪ್ಪನ ಮನೆಗೆ ಅವ್ವನನ್ನು ಕರೆದುಕೊಂಡು ಹೋಗಿದ್ದೆ. ಅವರ ಚಪ್ಪರದಲ್ಲಿ ಅಂಗೈಯಗಲದ ಅವರೆ. ಕೇಳಿದ್ದರೆ ಚಿಕ್ಕಪ್ಪ ಮೊರದ ತುಂಬ ಕೊಡುತ್ತಿದ್ದ. ಆದರೆ ಕೇಳಿದರೆ ಮೊಳೆಯಲ್ಲವಲ್ಲ.

ಹೊರಡುವಾಗ ಹಿಡಿದುಕೊಂಡಿತು ಮಳೆ. ಅವ್ವ ಕೊಡೆಯನ್ನು ಕಂಕುಳಲ್ಲಿ ಅವುಚಿಕೊಂಡು ನೆನೆಯುತ್ತಲೇ ಬಸ್ಸಿನ ಕಡೆ ನಡೆದಳು. "ಅತ್ತಿಗೆ, ಕೊಡೆ ಬಿಚ್ಚಿ" ಅಂದ ಚಿಕ್ಕಪ್ಪ. "ಬ್ಯಾಡ, ಮಳೆ ಒಳ್ಳೇದು ಮೈಗೆ" ಅಂದಳು. ಪಾಪ ಮರ್ಯಾದಸ್ಥ, ಕೊಡೆ ಇಸಿದುಕೊಂಡು ತಾನೇ ಬಿಚ್ಚಿ ಅವಳ ತಲೆ ಮೇಲೆ ಹಿಡಿದ. ಒಣಗಿದ ಅವರೆಕಾಯಿ ಇಬ್ಬರ ತಲೆ ಮೇಲೂ ಪಟಪಟ ಬಿತ್ತು.

ಬಸ್ಸಿನವರೆಲ್ಲ ನೋಡುತ್ತಿದ್ದರು. ನನಗೆ ಭೂಮಿ ಬಾಯಿ ಬಿಡಬಾರದೆ ಅನ್ನಿಸಿತು. ಅವ್ವ ಮಾತ್ರ ಒಂದೊಂದೇ ಕಾಯಿ ಆರಿಸಿ ಮಡಿಲಿಗೆ ಹಾಕಿಕೊಳ್ಳುತ್ತ ಹೇಳಿದಳು: "ಏನು ಊರಪ್ಪ ನಿಮ್ದು, ಈ ಮಳೆಗೆ ಕೊಡೇಲೂ ಅವರೆ ಬಿಡ್ತದೆ."

ಮಾವ ಮತ್ತು ಆಡು

ಅವಿನಾಶಿಯಿಂದ ನಮ್ಮ ಮಾವ ಬಂದರು. ಮಗಳ ಮನೆಯಲ್ಲಿ ಕೈ ಕಟ್ಟಿ ಕೂರುವ ಆಸಾಮಿ ಅಲ್ಲ. ನಾವು ಮಧ್ಯಾಹ್ನ ಮಲಗಿ ಏಳುವಷ್ಟರಲ್ಲಿ ಹಿತ್ತಲು ಅಂಗೈಯಂತೆ ಚೊಕ್ಕಟ. "ಮಾಪ್ಳೆ, ತೋಟ ಹಿಂಗಾ ಮಡಗೋದು? ಮುದಿ ಗಿಡ ಎಲ್ಲಾ ಕಿತ್ತಾಕಿದೆ. ಹಳದಿ ತಿರುಗಿದ ಬದನೇನ ನಿಮ್ಮ ಆಡಿಗೆ ಹಾಕಿದೆ" ಅಂದರು ಅಳಿಯನಾದ ನನಗೆ.

ಹಿಂದಿನ ವರ್ಷದ ಬೀಜ ಬಿತ್ತಿ ಮುಗಿದಿತ್ತು. ಮುಂದಿನದೆಲ್ಲ ಆ ಹಣ್ಣುಗಳಲ್ಲೇ ಇತ್ತು. ಅವ್ವ ಒರಳುಕಲ್ಲಿನ ಮೇಲೆ ಕೂತುಬಿಟ್ಟಳು. ತವರಿನಲ್ಲಿ ಈಗ ಹಿತ್ತಲೂ ಇಲ್ಲ, ಬದನೆಯೂ ಇಲ್ಲ. ಅಪ್ಪ ಸತ್ತಾಗ ಬಾಯಿಬಿಟ್ಟು ಅತ್ತವಳು, ಅವತ್ತು ಅಳಲೂ ಇಲ್ಲ.

"ಅವ್ವಾ, ಏನು ಮಾಡೋಣ?" ಅಂದೆ.

ಅವಳು ಆಡಿನ ಕಡೆ ನೋಡಿ, "ಮಾವನ್ನ ಊರಿಗೆ ಕಳ್ಸು. ಆಡನ್ನ ಬಿಡಬ್ಯಾಡ, ಕಟ್ಟಿ ಮಡಗು. ಹಿಕ್ಕೇಲಾದ್ರೂ ಬೀಜ ಬರ್ತದಾ ನೋಡಾನ" ಅಂದಳು.

ಕಳ್ಳರ ಮರ್ಯಾದೆ

ಆಡು ನಂಬಿಕೆಗೆ ದ್ರೋಹ ಮಾಡಿತು. ಅವ್ವ ಬದನೆ ತಿನ್ನುವುದನ್ನೇ ಬಿಟ್ಟಳು. ಉಳಿದದ್ದು ಒಂದೇ ದಾರಿ. ಓಣಿಯ ಆಚೆ ಮಗ್ಗ ಹಾಕಿಕೊಂಡಿದ್ದ, ನಮ್ಮ ಮಾತಿನವಳೇ ಆದ ಒಬ್ಬ ಹೆಂಗಸಿನ ಹಿತ್ತಲಲ್ಲಿ ಇದೇ ಬದನೆ ಇತ್ತು. ನಮ್ಮಿಂದಲೇ ಕದ್ದದ್ದು ಅಂತ ಅವ್ವ ವರ್ಷಗಟ್ಟಲೆ ಅವಳಿಗೆ ಶಾಪ ಹಾಕುತ್ತಿದ್ದಳು. ಈಗ ಅವಳೇ ದೇವರು.

"ಹೋಗಿ ಕೇಳೋಣ" ಅಂದೆ. "ಇದೊಂದು ಸಲವಾದ್ರೂ ಮೊಳೆಯೋ ಕೆಲಸ ಮಾಡು" ಅಂದಳು.

ಮಗ್ಗದ ಸದ್ದಿರುವಾಗ ಯಾರಿಗೂ ಕೇಳಿಸದು ಅಂತ ಹೊತ್ತು ಏರಿದ ಮೇಲೆ ಹೋದೆವು. ನಾನು ಬೇಲಿಯಲ್ಲಿ ತಲೆ ತೂರಿಸಿದೆ. ಲುಂಗಿ ಮುಳ್ಳಿಗೆ ಸಿಕ್ಕಿಕೊಂಡಿತು. ಅಷ್ಟರಲ್ಲಿ ಮಗ್ಗ ನಿಂತಿತು.

"ಏನಣ್ಣಾ, ಏನು ಬೇಕಿತ್ತು?" ಆ ಹೆಂಗಸು ಮುಂದೆಯೇ ನಿಂತಿದ್ದಳು.

ಬೆನ್ನ ಹಿಂದಿನಿಂದ ಅವ್ವ ಉತ್ತರ ಕೊಟ್ಟಳು: "ಏನೂ ಬ್ಯಾಡಮ್ಮ. ಬದನೆ ಬೀಜ ಕದಿಯಾಕೆ ಬಂದಿದ್ದೀವಿ."

"ಅಯ್ಯೋ, ಹಂಗಾ ದೊಡ್ಡವ್ವಾ? ಸೆರಿ ಸೆರಿ, ನಾನು ನೋಡಲಿಲ್ಲ." ಹೆಂಗಸು ತಕ್ಷಣ ಬೆನ್ನು ತಿರುಗಿಸಿ ನಿಂತಳು. ಆಮೇಲೆ ಗೋಡೆಗೆ ಹೇಳುವ ಹಾಗೆ, "ಎಡಗಡೆ ಗಿಡದ್ದು ಚೆನ್ನಾಗಿ ಬಲಿತೈತೆ, ಬಟ್ಟೆ ಕಟ್ಟಿದ್ದೀನಿ. ಅದನ್ನ ಕದೀರಿ" ಅಂದಳು.

ಆ ಹಣ್ಣಿನ ಬೀಜ ಚೆಲ್ಲಿದಷ್ಟೂ ಮೊಳೆಯಿತು, ಅವ್ವ ಮತ್ತೆ ಬದನೆ ತಿಂದಳು. ಆದರೆ ಅವತ್ತು ಹಣ್ಣು ಕಿತ್ತು ಕೈಗೆ ಕೊಟ್ಟಾಗ ಅವಳು ಬದನೆಯನ್ನು ನೋಡಲಿಲ್ಲ, ಅದಕ್ಕೆ ಕಟ್ಟಿದ್ದ ಬಟ್ಟೆಯನ್ನು ನೋಡಿದಳು. ಹಸಿರಂಚಿನ ಪಂಚೆ.

"ಲೇ, ಬೀಜ ಕದ್ದೆ, ಅದು ಶಾಸ್ತ್ರ, ಸೆರಿ. ನನ್ನ ಮಗನ ಪಂಚೆ ಯಾಕೆ ಕದ್ದೆ?"

ಹೆಂಗಸು ಬೆನ್ನು ತಿರುಗಿಸಿಕೊಂಡೇ ಹೇಳಿದಳು: "ಬೀಜ ಕದ್ದು, ಬಟ್ಟೆ ಮಾತ್ರ ಕೇಳಿ ಇಸ್ಕೊಂಡ್ರೆ ಮೊಳೀತದಾ ದೊಡ್ಡವ್ವಾ?"