ಅತ್ತೆಯ ಮೆತ್ತೆ

ಎಲ್ಲಕ್ಕೂ ಕಾರಣ ಒಂದು ಫೋಟೊ.

ಕ್ಯೋಟೊದ ಮಿನೊಕುರಾ ಕಿಮೊನೊ ಅಂಗಡಿಗೆ ಮುನ್ನೂರು ವರ್ಷ. ಯಜಮಾನಿ ತೊಮಿಯೆ ಕೂರುವ ನೇರಳೆ ಮೆತ್ತೆಗೂ ಅಷ್ಟೇ ವಯಸ್ಸು; ಅಂಗಡಿಯ ಯಜಮಾನಿಕೆ ಯಾರದೋ ಆ ಮೆತ್ತೆ ಅವರದು. ಆಕೆ ಅದರಿಂದ ಎದ್ದದ್ದನ್ನು ಕಂಡವರು ನಮ್ಮ ಬೀದಿಯಲ್ಲಿ ಯಾರೂ ಬದುಕಿಲ್ಲ. ಮನೆಅಳಿಯ ಸೆಯ್ಕಿಚಿ ಇಪ್ಪತ್ತೆರಡು ವರ್ಷಗಳಿಂದ ಆ ಮೆತ್ತೆಯನ್ನು ಮೀನಂಗಡಿ ಮುಂದಿನ ಬೆಕ್ಕಿನಂತೆ ನೋಡುತ್ತಲೇ ಇದ್ದ. ಹೊಸ ಕಾಲದ ಹುಡುಗರಿಗೆಂದು ಅವನು ಜೀನ್ಸ್ ಬಟ್ಟೆಯ ಕಿಮೊನೊ ಹೊಲಿಸಿದಾಗ ಅತ್ತೆ ಮೂಗು ಮುರಿದಳು.

“ಸಂಜೆ ಬಾಗಿಲ ಪರದೆ ಇಳಿಸಿ ಅಂಗಡಿ ಮುಚ್ಚೋದರೊಳಗೆ ಇದರಲ್ಲಿ ಒಂದೇ ಒಂದು ಮಾರಿ, ಅಳಿಯಂದ್ರೇ. ನಾಳೆಯಿಂದ ಮೆತ್ತೆ ನಿಮ್ಮದು.”

ಸೆಯ್ಕಿಚಿ ಗಾಜಿನ ಕಿಟಕಿಯ ಗೊಂಬೆಗೆ ಕಿಮೊನೊ ಉಡಿಸಿ, ಪಕ್ಕದಲ್ಲಿ ತಾನೂ ನಿಂತು ಸೆಲ್ಫಿ ತೆಗೆದು ಇಡೀ ಬೀದಿಗೆ ಕಳಿಸಿದ. ಆ ಫೋನು ಕನ್ನಡಿಯ ಹಾಗೆ ಎಡವನ್ನು ಬಲ ಮಾಡುತ್ತದೆಂದು ಅವನಿಗೆ ತಿಳಿಯದು.

ಬದುಕಿರುವವರ ಕಿಮೊನೊದಲ್ಲಿ ಎದೆಗೆ ಅಡ್ಡ ಬರುವ ಎರಡು ಪದರಗಳಲ್ಲಿ ಎಡಪದರ ಮೇಲಿರಬೇಕು. ಬಲಪದರ ಮೇಲೆ ಬಂದರೆ ಅದು ಹೆಣದ ಉಡುಗೆ. ನಮ್ಮಲ್ಲಿ ಹುಟ್ಟುವ ಮೊದಲೇ ಮಕ್ಕಳಿಗೆ ಇದು ಗೊತ್ತು.

ಮೊದಲು ಬಂದವಳು ಉಪ್ಪಿನಕಾಯಿ ಅಂಗಡಿಯ ಕಿನುಯೊ, ಕೈಯಲ್ಲಿ ಊದಿನಕಡ್ಡಿ ಹಿಡಿದು. ತೊಮಿಯೆಯಮ್ಮ ಯಾವಾಗ ಹೋದರೆಂದು ತಗ್ಗಿದ ದನಿಯಲ್ಲಿ ವಿಚಾರಿಸಿದಳು. ಒಳಗಿನಿಂದ ತೊಮಿಯೆ ಕೆಮ್ಮಿದಳು.

“ಮತ್ತೆ ಈ ಫೋಟೊ?” ಎಂದಳು ಕಿನುಯೊ. “ಹೆಣಕ್ಕೆ ಉಡಿಸೋ ಹಾಗೆ ಉಡಿಸಿ, ಪಕ್ಕದಲ್ಲಿ ನಿಂತು ಹಲ್ಲು ಬೇರೆ ಕಿರಿದಿದ್ದೀರಲ್ಲ.”

ಸೆಯ್ಕಿಚಿ ಹಿಂದೆಮುಂದೆ ನೋಡದೆ ಓಡಿ ಗೊಂಬೆಯ ಪದರಗಳನ್ನು ಅದಲುಬದಲು ಮಾಡಿದ. ಸರಿಯಾಗಿದ್ದ ಗೊಂಬೆ ಈಗ ನಿಜಕ್ಕೂ ಸತ್ತಿತು.

“ಈಗಲೂ ಫೋಟೊದಲ್ಲಿದ್ದ ಹಾಗೇ ಇದೆಯಲ್ರೀ,” ಎಂದಳು ಕಿನುಯೊ.

ಸೆಯ್ಕಿಚಿ ಫೋಟೊ ನೋಡಿದ, ಗೊಂಬೆ ನೋಡಿದ. ಬದಲಾಯಿಸಿದ್ದು ಬದಲಾಗದೆ ಹೇಗೆ ಉಳಿಯಿತು? ಎಡ ಎಂದರೆ ತನ್ನ ಎಡವೋ ಗೊಂಬೆಯ ಎಡವೋ? ಊಟದ ಕಡ್ಡಿ ಹಿಡಿಯುವ ಕೈಯನ್ನು ಗಾಳಿಯಲ್ಲಿ ಆಡಿಸಿ ನೋಡಿದ. ಗೊಂಬೆಗೆ ಬೆನ್ನು ಹಾಕಿ ನಿಂತ. ದೊಡ್ಡ ಕನ್ನಡಿಯ ಮುಂದೆ ತಾನೇ ಒಂದು ಉಟ್ಟು ನೋಡಿ, ಇದ್ದಬದ್ದ ಬುದ್ಧಿಯನ್ನೂ ಕಳೆದುಕೊಂಡ. ಹೊರಗೆ ಕಡಿಮೆಯೆಂದರೂ ನಲವತ್ತು ಸಾವಿರ ಜನ ಸೇರಿ, ಅರ್ಧದಷ್ಟು ಮಂದಿ ಎಡ ಎಂದೂ ಉಳಿದವರು ಬಲ ಎಂದೂ ಸಲಹೆ ಕೊಡತೊಡಗಿದರು. ಅರ್ಧ ಗಂಟೆಯಲ್ಲಿ ಆ ಗೊಂಬೆ ಮೂವತ್ತು ಸಲ ಸತ್ತು ಇಪ್ಪತ್ತೊಂಬತ್ತು ಸಲ ಬದುಕಿತು.

ಆಗ ಗುಂಪನ್ನು ಕೋಲಿನಿಂದ ಸರಿಸಿಕೊಂಡು ತೊಂಬತ್ತೊಂದರ ಒನೊದೆರಾ ತಾತ ಒಳಗೆ ಬಂದ.

“ಇದನ್ನ ನನ್ನ ಅಳತೆಗೆ ಹೊಲಿಸಪ್ಪ. ಹೋಗೋವಾಗ ಎಲ್ಲರಿಗೂ ಉಡಿಸೋ ಆ ಬಿಳಿ ಬಟ್ಟೆ ನನಗೆ ಬೇಡ. ನನ್ನವಳು ಮುಂಚೆನೇ ಹೋಗಿ ಕಾಯ್ತಿದ್ದಾಳೆ, ಸ್ವಲ್ಪ ಸ್ಟೈಲಾಗಿ ಇಳೀಬೇಕು.”

ತಾತನ ಹಿಂದೆ ಸಾಲು ಬೆಳೆಯಿತು. ಎಂಬತ್ತರ ಕೆಳಗಿನವರು ಒಬ್ಬರೂ ಇಲ್ಲ. ಸಂಜೆಗೆ ಹದಿನೇಳು ಅಳತೆ ಬರೆದುಕೊಂಡ ಸೆಯ್ಕಿಚಿ, ಪರದೆಯನ್ನು ತಾನೇ ಇಳಿಸಿ, ಮೆತ್ತೆಯ ಪಕ್ಕಕ್ಕೆ ಬಂದು ನಿಂತ.

“ಯಾವಾಗ ತಗೊಂಡು ಹೋಗ್ತಾರಂತೆ?” ಅತ್ತೆ ಕೇಳಿದಳು.

“ಅವಸರ ಇಲ್ಲವಂತೆ. ಬೇಕಾದಾಗ ಮನೆಯವರು ಬರ್ತಾರಂತೆ.”

“ಹಾಗಾದ್ರೆ ಇವತ್ತು ಒಂದೂ ಹೊಸಿಲು ದಾಟಲಿಲ್ಲ, ಮಾರಿದ ಲೆಕ್ಕಕ್ಕೂ ಬರಲಿಲ್ಲ.” ತೊಮಿಯೆ ಜೀನ್ಸ್ ಬಟ್ಟೆಯನ್ನು ಬಹಳ ಹೊತ್ತು ಸವರಿದಳು. “ಬಟ್ಟೆ ಚೆನ್ನಾಗಿದೆ, ಅಳಿಯಂದ್ರೇ. ನನಗೂ ಒಂದು ಹೊಲಿಸಿ. ಅದನ್ನ ನಾನು ಉಟ್ಟ ದಿನ ಮೆತ್ತೆ ನಿಮ್ಮದು. ನನಗೂ ಏನೂ ಅವಸರ ಇಲ್ಲ.”

ಸೆಯ್ಕಿಚಿ ಅಳತೆಪಟ್ಟಿ ತಂದ. ಅಳತೆ ಕೊಡುವಾಗಲೂ ಆಕೆ ಏಳಲಿಲ್ಲ.